ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಸ್ವೀಡನ್‌ಗೆ ಹೋದ ನಾರ್ವೆಯ ಬ್ಲಾಕ್‌ಸ್ಟಾಡ್ ಸೋತರಾ?

ನೀವು ಕೇಳಿದ್ದು ಇಷ್ಟು: ನಾರ್ವೆಯ ಡಿಫೆಂಡರ್ ಯೂಲಿಯೆ ಬ್ಲಾಕ್‌ಸ್ಟಾಡ್ 20ನೇ ವಯಸ್ಸಿಗೇ ಇಂಗ್ಲೆಂಡಿನ ದೊಡ್ಡ ಕ್ಲಬ್ ಮ್ಯಾಂಚೆಸ್ಟರ್ ಸಿಟಿ ಸೇರಿದರು, ಒಂದೇ ವರ್ಷಕ್ಕೆ ಸ್ವೀಡನ್‌ಗೆ ಹೊರಟುಹೋದರು. 2022ರ ಯೂರೋದಲ್ಲಿ (ಯೂರೋಪಿನ ದೇಶಗಳ ಚಾಂಪಿಯನ್‌ಷಿಪ್) ನಾರ್ವೆ ಇಂಗ್ಲೆಂಡ್ ಎದುರು 8-0 ಸೋತ ಆ ಪಂದ್ಯ ಅವರ ಕೆರಿಯರ್ ಹಾಳು ಮಾಡಿತಾ?

ಇಲ್ಲ. ಸ್ವೀಡನ್‌ಗೆ ಹೋಗಿದ್ದು ಆ ವಯಸ್ಸಿನ ಡಿಫೆಂಡರ್‌ಗೆ ತುಂಬ ಒಳ್ಳೆಯ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ನಾನು ಹೈಸ್ಕೂಲ್ ಹುಡುಗಿಯರಿಗೆ ಭಾನುವಾರ ಫುಟ್‌ಬಾಲ್ ಹೇಳಿಕೊಡುತ್ತೇನೆ. ಲೆಫ್ಟ್ ಬ್ಯಾಕ್, ಅಂದರೆ ಹಿಂದೆ ಎಡಗಡೆ ಕಾಯುವ ಡಿಫೆಂಡರ್ ಜಾಗದಲ್ಲಿ ನಿಲ್ಲಲು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ, ಎಲ್ಲರಿಗೂ ಗೋಲು ಹೊಡೆಯಬೇಕು. ಅದಕ್ಕೇ ಆ ಜಾಗದಲ್ಲೇ ಆಡುವ ಈ ಆಟಗಾರ್ತಿಯ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ. ಉತ್ತರ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಹೆಸರು. ನಾರ್ವೆಯವರ ಬಾಯಲ್ಲಿ ಜೆ ಅಕ್ಷರ 'ಯ' ಆಗುತ್ತದೆ. ಹಾಗಾಗಿ ಜೂಲಿ ಅಲ್ಲ, ಯೂಲಿಯೆ. ಹುಟ್ಟಿದ್ದು 2001ರ ಆಗಸ್ಟ್ 27ಕ್ಕೆ. ಹಮಾರ್ ಕಡೆಯವರು. ಹಮಾರ್ ಅಂದರೆ ಮಿಯೋಸಾ ಸರೋವರದ ದಡದ ಊರು, ಓಸ್ಲೋದಿಂದ ಉತ್ತರಕ್ಕಿದೆ. 1994ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಪೀಡ್ ಸ್ಕೇಟಿಂಗ್ ನಡೆದದ್ದು ಅಲ್ಲೇ. ಅಲ್ಲಿನ ಫಾರ್ಟ್ ಅನ್ನೋ ಕ್ಲಬ್‌ನಲ್ಲಿ ಬ್ಲಾಕ್‌ಸ್ಟಾಡ್ ಆಡಿ ಬೆಳೆದರು. ನಾರ್ವೇಜಿಯನ್ ಭಾಷೆಯಲ್ಲಿ ಆ ಪದಕ್ಕೆ ವೇಗ ಅಂತ ಅರ್ಥ. ಅವರ ಓಟ ನೋಡಿದವರಿಗೆ ಆ ಹೆಸರು ಸರಿಯಾಗಿಯೇ ಕಾಣುತ್ತದೆ.

ನಾರ್ವೆಯಲ್ಲಿ ಮಕ್ಕಳ ಆಟಕ್ಕೆ ಒಂದು ನಿಯಮ ಇದೆ, ನನಗೆ ತುಂಬ ಇಷ್ಟ. ಮಕ್ಕಳಿಗೆ 11 ವರ್ಷ ತುಂಬುವ ವರ್ಷದ ತನಕ ಪಾಯಿಂಟ್ ಪಟ್ಟಿ, ರ‍್ಯಾಂಕಿಂಗ್ ಯಾವುದೂ ಇಡುವಂತಿಲ್ಲ. 13ರ ತನಕ ರಾಷ್ಟ್ರಮಟ್ಟದ ಚಾಂಪಿಯನ್‌ಷಿಪ್ ಇಲ್ಲ. ಮಗು ಇವತ್ತು ಡಿಫೆನ್ಸ್, ನಾಳೆ ಫಾರ್ವರ್ಡ್, ನಾಡಿದ್ದು ಗೋಲ್‌ಕೀಪರ್ ಆಗಿ ಆಡಿದರೂ ಯಾರ ಗಂಟೂ ಹೋಗುವುದಿಲ್ಲ. ಬ್ಲಾಕ್‌ಸ್ಟಾಡ್ ಲೆಫ್ಟ್ ಬ್ಯಾಕ್ ಆಗಿಯೂ ಮುಂದೆ ಎಡ ಅಂಚಿನಲ್ಲಿ ದಾಳಿ ಮಾಡುವ ಲೆಫ್ಟ್ ವಿಂಗರ್ ಆಗಿಯೂ ಅಷ್ಟು ಸಲೀಸಾಗಿ ಆಡುವುದರ ಹಿಂದೆ ಇಂಥ ಬಾಲ್ಯವೂ ಇದೆ ಅಂತ ನಾನು ನಂಬುತ್ತೇನೆ.

ಇನ್ನೊಂದು ವಿಷಯ ಹೇಳಲೇಬೇಕು. 2017ರ ಅಕ್ಟೋಬರ್‌ನಲ್ಲಿ ನಾರ್ವೆಯ ಫುಟ್‌ಬಾಲ್ ಸಂಸ್ಥೆ ಗಂಡಸರ ಮತ್ತು ಹೆಂಗಸರ ರಾಷ್ಟ್ರೀಯ ತಂಡಗಳಿಗೆ ಸಮಾನ ಸಂಭಾವನೆ ಕೊಡಲು ಒಪ್ಪಿತು. ಹೆಂಗಸರ ತಂಡದ ಪಾಲು 31 ಲಕ್ಷ ಕ್ರೋನರ್ ಇದ್ದದ್ದು 60 ಲಕ್ಷಕ್ಕೆ ಏರಿತು. ಅದಕ್ಕಾಗಿ ಗಂಡಸರ ತಂಡ ತನ್ನ ಪಾಲಿನಿಂದ ಸುಮಾರು ಐದೂವರೆ ಲಕ್ಷ ಬಿಟ್ಟುಕೊಟ್ಟಿತು. ಆಗ ಬ್ಲಾಕ್‌ಸ್ಟಾಡ್‌ಗೆ 16 ವರ್ಷ. ಆ ವಯಸ್ಸಿನ ಹುಡುಗಿಗೆ 'ಈ ಆಟ ನಂಬಿ ಬದುಕಬಹುದು' ಅಂತ ಕಾಣುವುದು ಸಣ್ಣ ಮಾತಲ್ಲ.

2020ರಲ್ಲಿ ಬ್ಲಾಕ್‌ಸ್ಟಾಡ್ ಟ್ರೋಂಡ್‌ಹೈಮ್ ನಗರದ ರೋಸೆನ್‌ಬೋರ್ಗ್ ಕ್ಲಬ್ ಸೇರಿದರು. ಗಂಡಸರ ಫುಟ್‌ಬಾಲ್‌ನಲ್ಲಿ ಅದು ನಾರ್ವೆಯ ದೊಡ್ಡ ಹೆಸರು. ಹೆಂಗಸರ ತಂಡಕ್ಕೆ ಆ ಹೆಸರು ಬಂದದ್ದು ಅದೇ ವರ್ಷ, ಅದಕ್ಕೂ ಮೊದಲು ಅದು ಟ್ರೋಂಡ್‌ಹೈಮ್ಸ್-ಓರ್ನ್ ಅನ್ನೋ ಹಳೇ ಹೆಸರಾಂತ ತಂಡ. 2020 ಮತ್ತು 2021, ಎರಡೂ ಸಲ ರೋಸೆನ್‌ಬೋರ್ಗ್ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು. ಎಡಗಡೆಯಲ್ಲಿ ಮೇಲೆ ಕೆಳಗೆ ಓಡುವ ಈ ಹುಡುಗಿಯನ್ನು ಹೊರದೇಶದವರು ಗಮನಿಸಿದ್ದು ಆಗಲೇ. 2022ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ಕರೆಸಿಕೊಂಡಿತು. ಅವರು ಬಂದು ಎರಡು ತಿಂಗಳಿಗೇ ಸಿಟಿ ಇಂಗ್ಲೆಂಡಿನ ಲೀಗ್ ಕಪ್ ಫೈನಲ್‌ನಲ್ಲಿ ಚೆಲ್ಸಿಯನ್ನು 3-1ರಿಂದ ಸೋಲಿಸಿತು.

ಇನ್ನು 2022ರ ಯೂರೋ. ನಾರ್ವೆಯ ಮೊದಲ ಎರಡೂ ಪಂದ್ಯ ನಮ್ಮ ಟೈಮ್‌ಗೆ ರಾತ್ರಿ ಹನ್ನೆರಡೂವರೆಗೆ ಶುರು. ನಾನು ಮನೆಯವರಿಗೆ ಎಚ್ಚರ ಆಗದ ಹಾಗೆ ದೀಪ ಆರಿಸಿ ಮೊಬೈಲ್‌ನಲ್ಲಿ ನೋಡಿದೆ.

ಮೊದಲನೆಯದು ಸೌತಾಂಪ್ಟನ್‌ನಲ್ಲಿ, ಉತ್ತರ ಐರ್ಲೆಂಡ್ ಎದುರು. 10ನೇ ನಿಮಿಷ. ನಾರ್ವೆಯ ಫ್ರೀಡಾ ಮಾನುಮ್ ಎದುರಾಳಿ ಡಿಫೆಂಡರ್‌ಗಳ ಮಧ್ಯೆ ಚೆಂಡು ತೂರಿಸಿದರು. ಅಲ್ಲಿ ಓಡಿ ಬಂದದ್ದು ಸ್ಟ್ರೈಕರ್ ಅಲ್ಲ, ಲೆಫ್ಟ್ ಬ್ಯಾಕ್ ಬ್ಲಾಕ್‌ಸ್ಟಾಡ್. ಗಡಿಬಿಡಿ ಇಲ್ಲದೆ ಗೋಲ್‌ಕೀಪರ್ ದಾಟಿಸಿ ಚೆಂಡನ್ನು ಒಳಗೆ ಕಳಿಸಿದರು. ಆ ಟೂರ್ನಿಯಲ್ಲಿ ನಾರ್ವೆಯ ಮೊದಲ ಗೋಲು ಒಬ್ಬ ಡಿಫೆಂಡರ್‌ದು. ನಾರ್ವೆ 4-1ರಿಂದ ಗೆದ್ದಿತು. ಎದುರಾಳಿ ತನ್ನ ಗೋಲಿನ ಮುಂದಿನ ಬಾಕ್ಸ್‌ನಲ್ಲಿ ಯಾರ‍್ಯಾರನ್ನು ಹಿಡಿಯಬೇಕು ಅಂತ ಲೆಕ್ಕ ಹಾಕಿರುತ್ತದೆ. ಆ ಲೆಕ್ಕದಲ್ಲೇ ಇಲ್ಲದವರು ಬಂದು ನಿಂತರೆ ಹಿಡಿಯುವವರು ಯಾರು?

ನಾಲ್ಕು ದಿನ ಬಿಟ್ಟು ಬ್ರೈಟನ್‌ನಲ್ಲಿ ಇಂಗ್ಲೆಂಡ್. ಅದು ನೋಡಲಾಗದ ರಾತ್ರಿ. ವಿರಾಮದ ಹೊತ್ತಿಗೇ 6-0. ಬಲಗಡೆಯಿಂದ ಬೆತ್ ಮೀಡ್ ಒಬ್ಬರೇ ಮೂರು ಗೋಲು ಹೊಡೆದರು. ಇಂಗ್ಲೆಂಡಿನ ಬಲಗಡೆ ಅಂದರೆ ನಾರ್ವೆಯ ಎಡಗಡೆ, ಅಂದರೆ ಬ್ಲಾಕ್‌ಸ್ಟಾಡ್ ನಿಂತ ಜಾಗ. ಸ್ಕೋರ್ ಮಾತ್ರ ನೋಡಿದವರು ಅವರನ್ನೇ ಬೈಯುತ್ತಾರೆ.

ಆದರೆ ಗೋಲುಗಳನ್ನು ಒಂದೊಂದಾಗಿ ನೋಡಿ. ಮೊದಲನೆಯದು ಪೆನಾಲ್ಟಿ. ಎರಡನೆಯದು ಮೀಡ್ ಕೊಟ್ಟ ಕ್ರಾಸ್‌ಗೆ (ಅಂಚಿನಿಂದ ಗೋಲಿನ ಮುಂದಕ್ಕೆ ಕಳಿಸುವ ಚೆಂಡು) ಲಾರೆನ್ ಹೆಂಪ್ ಕಾಲು ಹಾಕಿದ್ದು, ಅದು ಬ್ಲಾಕ್‌ಸ್ಟಾಡ್ ಕಡೆಯಿಂದಲೇ ಬಂತು, ಒಪ್ಪುತ್ತೇನೆ. ಮೂರನೆಯದು ನಾರ್ವೆಯ ಸೆಂಟರ್ ಬ್ಯಾಕ್ (ನಡುವೆ ಕಾಯುವ ಡಿಫೆಂಡರ್) ಕಾಲಿಂದ ಎಲೆನ್ ವೈಟ್ ಚೆಂಡು ಕಸಿದುಕೊಂಡು ಹೊಡೆದದ್ದು. ಮೀಡ್ ಅವರ ಮೊದಲ ಗೋಲು ಆ ಕಡೆ ತುದಿಯಿಂದ ಹೆಂಪ್ ಕೊಟ್ಟ ಕ್ರಾಸ್‌ಗೆ ಹೆಡರ್. ಇಡೀ ತಂಡ ಕುಸಿದಿತ್ತು. ಅದರ ಮೇಲೆ ಮೀಡ್ ಬೆನ್ನಿಗೆ ರೈಟ್ ಬ್ಯಾಕ್ ಲೂಸಿ ಬ್ರಾಂಜ್ ಬೇರೆ. ಮೀಡ್ ಒಳಗೆ ನುಗ್ಗಿದರೆ ಬ್ರಾಂಜ್ ಹೊರಗಿಂದ ಓಡಿ ಬರುತ್ತಾರೆ. ಬ್ಲಾಕ್‌ಸ್ಟಾಡ್ ಮೀಡ್ ಬೆನ್ನು ಹತ್ತಿದರೆ ಬ್ರಾಂಜ್‌ಗೆ ದಾರಿ ಸಿಗುತ್ತದೆ, ಬ್ರಾಂಜ್ ಅವರನ್ನು ಹಿಡಿಯಲು ಹೋದರೆ ಮೀಡ್ ಅವರನ್ನು ಕಾಯುವವರು ಇರುವುದಿಲ್ಲ. ಇಬ್ಬರನ್ನು ಒಬ್ಬರು ಕಾಯಲು ಆಗುವುದಿಲ್ಲ. ಮಿಡ್‌ಫೀಲ್ಡ್‌ನಿಂದ ಯಾರಾದರೂ ಇಳಿದು ಬರಬೇಕು. ನಮ್ಮ ಹುಡುಗಿಯರಿಗೆ ನಾನು ಮೈದಾನದಲ್ಲಿ ಮೂರು ಚಪ್ಪಲಿ ಇಟ್ಟು ತೋರಿಸುವುದೂ ಇದನ್ನೇ.

ಇನ್ನೂ ನೋವಿನ ಸಂಗತಿ ಏನು ಗೊತ್ತಾ? ಆ ರಾತ್ರಿ ಗೋಲು ಹೊಡೆದ ವೈಟ್, ಹೆಂಪ್, ಸ್ಟ್ಯಾನ್‌ವೇ, ಜೊತೆಗೆ ಬ್ರಾಂಜ್, ಇವರೆಲ್ಲ ಆ ವಸಂತದಲ್ಲಿ ಸಿಟಿಯಲ್ಲಿ ಬ್ಲಾಕ್‌ಸ್ಟಾಡ್ ಜೊತೆಗೇ ಆಡಿದವರು. ಒಂದೇ ಡ್ರೆಸಿಂಗ್ ರೂಮ್. 20 ವರ್ಷದ ಹುಡುಗಿಗೆ ಅದು ಹೇಗಿದ್ದಿರಬೇಕು ಅಲ್ವಾ?

ಕೊನೆ ಪಂದ್ಯದಲ್ಲಿ ಆಸ್ಟ್ರಿಯಾ ಎದುರು 1-0ರಿಂದ ಸೋತು ನಾರ್ವೆ ಗುಂಪು ಹಂತದಲ್ಲೇ ಹೊರಬಿತ್ತು. ಎರಡು ಸಲ ಯೂರೋಪ್ ಗೆದ್ದ, 1995ರಲ್ಲಿ ವಿಶ್ವಕಪ್ ಗೆದ್ದ ದೇಶ ಅದು. ಕೋಚ್ ಮಾರ್ಟಿನ್ ಶೋಗ್ರೆನ್ ಕೆಲಸ ಬಿಟ್ಟರು. 1995ರ ತಂಡದ ಹೀರೋ ಹೆಗೆ ರೀಸೆ ಅವರ ಜಾಗಕ್ಕೆ ಬಂದರು.

ಸಿಟಿಯಲ್ಲೂ ದಾರಿ ಇಕ್ಕಟ್ಟಾಗಿತ್ತು. ಲೆಫ್ಟ್ ಬ್ಯಾಕ್ ಜಾಗದಲ್ಲಿ ಡೆಮಿ ಸ್ಟೋಕ್ಸ್ ಮೊದಲೇ ಇದ್ದರು. ಆ ಬೇಸಿಗೆಯಲ್ಲಿ ಬಾರ್ಸಿಲೋನಾದಿಂದ ಲೈಲಾ ಔವಾಬಿಯನ್ನೂ ತಂದರು. ಅಲೆಕ್ಸ್ ಗ್ರೀನ್‌ವುಡ್ ಕೂಡ ಎಡಗಾಲಿನವರು. ಹೀಗಿರುವಾಗ 21ರ ಹುಡುಗಿಗೆ ಉಳಿದದ್ದು ಬೆಂಚ್.

ಫಾರ್ವರ್ಡ್ ಆದರೆ ಕೊನೆಯ ಹತ್ತು ನಿಮಿಷಕ್ಕೆ ಬಂದು ಒಂದು ಗೋಲು ಹೊಡೆದು ಹೆಸರು ಮಾಡಬಹುದು. ಡಿಫೆಂಡರ್‌ಗೆ ಆ ಭಾಗ್ಯ ಇಲ್ಲ. ಯಾವಾಗ ಮುಂದೆ ಓಡಬೇಕು, ಯಾವಾಗ ನಿಲ್ಲಬೇಕು, ಪಕ್ಕದ ಸೆಂಟರ್ ಬ್ಯಾಕ್ ಕಣ್ಣಲ್ಲೇ ಏನು ಹೇಳುತ್ತಿದ್ದಾರೆ, ಇದೆಲ್ಲ ಪೂರ್ತಿ 90 ನಿಮಿಷ, ವಾರ ವಾರ ಆಡಿದರೆ ಮಾತ್ರ ಬರುವುದು. ಅದೂ 8-0 ಆದ ಮೇಲೆ, ಸುಮ್ನೆ ಬೆಂಚ್‌ನಲ್ಲಿ ಕೂತು ಅದನ್ನೇ ನೆನೆಯುವುದಕ್ಕಿಂತ ಇನ್ನೊಂದು ಪಂದ್ಯ ಆಡಿಬಿಡುವುದು ಎಷ್ಟೋ ಮೇಲು.

ಅವರು ಮಾಡಿದ್ದೂ ಅದನ್ನೇ. 2023ರ ಆರಂಭದಲ್ಲಿ ಸ್ಟಾಕ್‌ಹೋಮ್‌ನ ಹಮ್ಮರ್‌ಬಿ ಕ್ಲಬ್‌ಗೆ ಲೋನ್ ಮೇಲೆ, ಅಂದರೆ ಸಿಟಿಯ ಆಟಗಾರ್ತಿಯಾಗಿಯೇ ತಾತ್ಕಾಲಿಕವಾಗಿ ಹೋದರು, ಆಮೇಲೆ ಅಲ್ಲಿಯೇ ಸಹಿ ಹಾಕಿದರು. ಆ ವರ್ಷ ಹಮ್ಮರ್‌ಬಿ ಸ್ವೀಡನ್ನಿನ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತು. ಲೀಗ್ ಗೆದ್ದದ್ದು 1985ರ ನಂತರ ಮೊದಲ ಸಲ. ಬ್ಲಾಕ್‌ಸ್ಟಾಡ್ ಹುಟ್ಟುವುದಕ್ಕೆ 16 ವರ್ಷ ಮೊದಲಿನ ಮಾತು ಅದು. ಜನ ಇದನ್ನು 'ಕೆಳಗಿಳಿದರು' ಅಂತ ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಸ್ವೀಡನ್ ಲೀಗ್ ಏನು ಗಲ್ಲಿ ಕ್ರಿಕೆಟ್ಟೇ? ವರ್ಷಗಟ್ಟಲೆ ಜಗತ್ತಿನ ಒಳ್ಳೊಳ್ಳೆ ಆಟಗಾರ್ತಿಯರು ಹೋಗಿ ಆಡಿದ ಲೀಗ್ ಅದು, ಬ್ರೆಜಿಲ್‌ನ ಮಾರ್ಟಾ ಕೂಡ.

2024-25ರ ಚಾಂಪಿಯನ್ಸ್ ಲೀಗ್‌ನಲ್ಲಿ (ಯೂರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ) ಹಮ್ಮರ್‌ಬಿ ಗುಂಪು ಹಂತಕ್ಕೆ ಬಂತು. ಚೀಟಿ ಎತ್ತಿದಾಗ ಅದೇ ಗುಂಪಿಗೆ ಬಿದ್ದ ತಂಡಗಳಲ್ಲಿ ಒಂದು ಬಾರ್ಸಿಲೋನಾ, ಇನ್ನೊಂದು ಮ್ಯಾಂಚೆಸ್ಟರ್ ಸಿಟಿ.

ನಿಮಗೆ ಸಮಯ ಇದ್ದರೆ ಆ 8-0 ಪಂದ್ಯದ ಹೈಲೈಟ್ಸ್ ಆಮೇಲೆ ನೋಡಿ. ಮೊದಲು ಸೌತಾಂಪ್ಟನ್ ಪಂದ್ಯ ಹುಡುಕಿ, 10ನೇ ನಿಮಿಷಕ್ಕೆ ಹೋಗಿ. ಚೆಂಡಿನ ಮೇಲೆ ಕಣ್ಣಿಡಬೇಡಿ, ಎಡಗಡೆಯಿಂದ ಯಾರು ಓಡಿ ಬರುತ್ತಾರೆ ನೋಡಿ.