ಮಂದಿ ಹೊಲಕ್ಕೆ ಬದು, ನಮ್ಮ ಹೊಲದಲ್ಲಿ ಕೂಳೆ

ರಾಯಚೂರು ಕಡೆಯ ಒಣಬೇಸಾಯದ ಮನೆ, ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದೀನಿ. ಮೂರೆಕರೆ ತೊಗರಿ ಹೊಲ, ರಾಶಿ ಮುಗೀತಿದ್ದ ಹಾಗೆ ಗಂಡ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಬೆಂಗಳೂರಿಗೆ ಗುಳೆ ಹೋಗೋರು. 2024ರಲ್ಲಿ ಹೆಂಡ್ತಿ, ಅಂದ್ರೆ ಆ ಮನೆ ಸೊಸೆ, ನಾ ಬರಂಗಿಲ್ಲ ಅಂದ್ಲು. ಆಗ ನರೇಗಾದಲ್ಲಿ, ಅಂದ್ರೆ ಸರ್ಕಾರದ ಉದ್ಯೋಗ ಖಾತ್ರಿ ಕೆಲಸದಲ್ಲಿ, ದಿನಕ್ಕೆ 349 ರೂಪಾಯಿ ಇತ್ತು, ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ, ಅದೂ ಸೀದಾ ಅವಳ ಖಾತೆಗೇ ಬೀಳ್ತಿತ್ತು, ಮಗಳು ಸ್ಕೂಲ್ ಬಿಡೋದೂ ತಪ್ತಿತ್ತು.

ಗಂಡ ಬಿತ್ತನೆಗೆ ವಾಪಸ್ ಬಂದಾಗ ಜಗಳ ಜೋರಾಗಿ ಅತ್ತೆ, ಗಂಡ, ಸೊಸೆ ಮೂವರೂ ಬಗೆಹರಿಸ್ಕೊಳ್ಳೋಕೆ ನನ್ನ ಹತ್ರ ಬಂದ್ರು. ಅತ್ತೆ, "ನಮ್ಮ ಹೊಲದಾಗ ಕೂಳಿ ಆರ್ಸೋರಿಲ್ರಿ, ಈಕಿ ಮಂದಿ ಹೊಲಕ ಬದು ಹಾಕಾಕ ಹೊಂಟಾಳ" ಅಂದ್ರು. ಕೂಳಿ ಅಂದ್ರೆ ಕೂಳೆ, ಬೆಳೆ ಕೊಯ್ದ ಮೇಲೆ ಹೊಲದಲ್ಲಿ ಉಳಿಯೋ ಬುಡ. ಗಂಡ ಕೇಳಿದ್ದು ಒಂದೇ, ಖಾತೆಯಲ್ಲಿ ಎಷ್ಟಿದೆ ಅಂತ. ಅವಳು ಪ್ಲಾಸ್ಟಿಕ್ ಕವರ್‌ನಿಂದ ಪಾಸ್‌ಬುಕ್ ತೆಗೆದು ನನಗೆ ಕೊಟ್ಲು, ಅವನ ಕಡೆ ತಿರುಗಿಸಲೇ ಇಲ್ಲ.

ಯಾರು ಎಲ್ಲಿ ದುಡೀಬೇಕು ಅಂತ ಇಷ್ಟು ದಿನ ಅವನೇ ಹೇಳ್ತಿದ್ದ, ಈಗ ಅವಳ ಹೆಸರಲ್ಲೇ ದುಡ್ಡು ಬರೋಕೆ ಶುರುವಾದ್ಮೇಲೆ ಅವಳೂ ಹೇಳ್ತಾಳೆ, ಜಗಳದ ಬೇರು ಇರೋದು ಇಲ್ಲಿ. ಹಂಗಂತ ಅತ್ತೆ ಮಾತನ್ನ ಹೊಟ್ಟೆಕಿಚ್ಚು ಅಂತ ತಳ್ಳಿಹಾಕೋದು ನನಗೆ ಸರಿ ಕಾಣಲಿಲ್ಲ, ಸೊಸೆ ಬಿಟ್ಟ ಹೊಲದ ಕೆಲಸ ಎಲ್ಲಾ ಮೊಣಕಾಲು ನೋವಿರೋ ಆ ತಾಯಿ ಮೇಲೇ ಬಿದ್ದಿತ್ತು, ಅದಕ್ಕೆ ಯಾರೂ ಕೂಲಿ ಕೊಡಲ್ಲ.

ನಾನು ಆಗ ಹೇಳಿದ್ದು ಇಷ್ಟು, ಇದರಲ್ಲಿರೋ ನರೇಗಾ ಲೆಕ್ಕ ಎಲ್ಲಾ ಆಗಿನ ನಿಯಮದ್ದು. ಖಾತೆ ಅವಳ ಹೆಸರಲ್ಲೇ ಇರಲಿ, ಎಟಿಎಂ ಕಾರ್ಡ್ ಯಾರೂ ಕೇಳಬೇಡಿ, ಮನೆ ಖರ್ಚಿಗೆ ಎಷ್ಟು ಅಂತ ಮೂವರೂ ಎದುರಾ ಎದುರೇ ಮಾತಾಡಿ. ನರೇಗಾ ಜಾಬ್ ಕಾರ್ಡಿನಲ್ಲಿ ವರ್ಷಕ್ಕೆ ಸಿಗೋ 100 ದಿನದ ಕೆಲಸ ಇಡೀ ಮನೆಗೆ, ಅವಳೊಬ್ಬಳಿಗಲ್ಲ, ಪೂರ್ತಿ ಸಿಕ್ರೆ 34,900 ರೂಪಾಯಿ, ಹಾಗಾಗಿ ಗಂಡನೂ ಬೇಸಿಗೆಯಲ್ಲಿ ಹೋಗಬಹುದು. ಬಿತ್ತನೆ, ಕಳೆ, ರಾಶಿ ಟೈಮಲ್ಲಿ ಮೊದಲು ಸ್ವಂತ ಹೊಲ. ಇನ್ನೊಂದು, ಸಣ್ಣ ರೈತರು ತಮ್ಮ ಹೊಲಕ್ಕೇ ನರೇಗಾದಲ್ಲಿ ಬದು, ಕೃಷಿ ಹೊಂಡ ಮಾಡಿಸ್ಕೋಬಹುದು, ಕೂಲಿನೂ ಸಿಗತ್ತೆ, ಪಂಚಾಯ್ತಿಯಲ್ಲಿ ಅರ್ಜಿ ಕೊಡಿ. ಕೆಲಸ ಕೇಳಿ ನಮೂನೆ 6 ಕೊಟ್ಟಾಗ ತಾರೀಖಿರೋ ರಶೀದಿ ಬಿಡಬೇಡಿ, 15 ದಿನದಲ್ಲಿ ಕೆಲಸ ಕೊಡದಿದ್ರೆ ನಿರುದ್ಯೋಗ ಭತ್ಯೆ ಕೇಳೋಕೆ ಅದೇ ಆಧಾರ.

ಹೊಲದ ಬದುವಿಗೆ ಅರ್ಜಿ ಹಾಕಿದ್ದಾರೆ, ಅತ್ತೆನೇ ಮುಂದೆ ನಿಂತು ಹಾಕಿಸಿದ್ರಂತೆ. ಗಂಡ ಮಾತ್ರ ಗುಳೆ ಬಿಡ್ತೀನಿ ಅಂತ ಇನ್ನೂ ಒಪ್ಪಿಲ್ಲ, ಹೋದ್ರೂ ಒಬ್ಬನೇ ಹೋಗ್ತೀನಿ, ಮಕ್ಕಳನ್ನ ಕರ್ಕೊಂಡು ಹೋಗಲ್ಲ ಅಂದಿದ್ದಾನೆ.