ಕಡಲತೀರದ ರಸ್ತೆಯನ್ನು ಉಳಿಸಲು ತಡೆಗೋಡೆಯೊಂದೇ ಏಕೆ ಸಾಲದು?

ನೇರವಾಗಿ ನಿಂತ ಗೋಡೆಯು ಅಲೆಯನ್ನು ತಡೆಯುತ್ತದೆಯೇ ಹೊರತು ಅದರ ಶಕ್ತಿಯನ್ನು ಅಷ್ಟಾಗಿ ಕುಂದಿಸುವುದಿಲ್ಲ. ಗೋಡೆಗೆ ಬಡಿದ ಅಲೆಯು ಬಹುಪಾಲು ಶಕ್ತಿಯೊಂದಿಗೆ ಹಿಂದಿರುಗುವಾಗ ಬುಡದ ಮರಳನ್ನು ಕೊರೆದು ಒಯ್ಯುತ್ತದೆ. ಮರಳು ತಗ್ಗಿ ನೀರು ಆಳವಾದಂತೆ ಇನ್ನೂ ದೊಡ್ಡ ಅಲೆಗಳು ಒಡೆಯದೆಯೇ ಗೋಡೆಯನ್ನು ತಲುಪುತ್ತವೆ, ಕೊನೆಗೆ ತಳಪಾಯ ಸಡಿಲಗೊಂಡು ಗೋಡೆಯೂ ಅದರ ಹಿಂದಿನ ರಸ್ತೆಯೂ ಕುಸಿಯುತ್ತವೆ.

ಅಗಲವಾದ ಮರಳುದಂಡೆಯಾಗಲಿ, ಇಳಿಜಾರಾಗಿ ಪೇರಿಸಿದ ಬಂಡೆಗಳಾಗಲಿ ಅಲೆಯನ್ನು ರಸ್ತೆಯಿಂದ ದೂರದಲ್ಲೇ ಒಡೆಯುತ್ತವೆ. ಬಂಡೆಗಳ ಅಡಿಯಲ್ಲಿ, ನೀರನ್ನು ಮಾತ್ರ ಬಿಟ್ಟು ಮಣ್ಣನ್ನು ಹಿಡಿದಿಡುವ ಜಿಯೋಟೆಕ್ಸ್‌ಟೈಲ್ ಹಾಸಿನಂಥ ಪದರ ಇರಲೇಬೇಕು. ಉಕ್ಕಿ ಬಂದ ನೀರು ಹರಿದುಹೋಗಲು ರಸ್ತೆಯಡಿಯಲ್ಲಿ ಮೋರಿಗಳೂ ಬೇಕು. ದಂಡೆಯು ವರ್ಷವರ್ಷವೂ ಹಿಂದೆ ಸರಿಯುತ್ತಿರುವ ಕಡೆ, ಜಾಗವಿದ್ದರೆ, ರಸ್ತೆಯನ್ನೇ ಒಳಭಾಗಕ್ಕೆ ಸ್ಥಳಾಂತರಿಸುವುದು ಹೆಚ್ಚು ಬಾಳಿಕೆಯ ಪರಿಹಾರವೆಂದು ನಾನು ದೃಢವಾಗಿ ನಂಬುತ್ತೇನೆ.