‘ಶಕ್ತಿ’ಯನ್ನು ‘ಶಕಿತ’ ಎಂದು ಓದುವ ಹುಡುಗ

ಅವನ ನೋಟ್ಸ್ ನೋಡಿದವರಿಗೆ ಇವನಿಗೆ ಓದು ಬರುವುದಿಲ್ಲ ಎಂದರೆ ನಂಬಿಕೆ ಬರುವುದಿಲ್ಲ. ದುಂಡಗಿನ ಅಕ್ಷರ, ತಲೆಬರಹಕ್ಕೆ ಕೆಂಪು ಅಡಿಗೆರೆ, ಪುಟಪುಟಕ್ಕೂ ‘ಗುಡ್’. ಬೋರ್ಡಿನ ಮೇಲಿದ್ದದ್ದೆಲ್ಲ ಹಾಗೆ ಹಾಗೇ ಇಳಿದಿದೆ. ಅದೇ ಪುಟವನ್ನು ಓದು ಎಂದರೆ ಮೊದಲ ಎರಡು ಸಾಲು ನೀರು ಕುಡಿದ ಹಾಗೆ. ಮೂರನೆಯದಕ್ಕೆ ಕೆಮ್ಮು ಬರುತ್ತದೆ.

ಪ್ರೌಢಶಾಲೆಗಳಿಂದ ನನ್ನ ಬಳಿಗೆ ಆಪ್ತಸಲಹೆಗೆ ಕಳಿಸುವ ಮಕ್ಕಳ ಚೀಟಿಯಲ್ಲಿ ‘ಗಮನವಿಲ್ಲ’, ‘ಪದೇ ಪದೇ ಗೈರು’, ‘ಎದುರುತ್ತರ’ ಎಂದಿರುತ್ತದೆ. ‘ಓದಲು ಬರುವುದಿಲ್ಲ’ ಎಂದು ಬರೆದದ್ದು ಅಪರೂಪ. ಇಲ್ಲಿ ಬಸು ಎಂದು ಕರೆದಿರುವ ಹುಡುಗ ಒಬ್ಬನೇ ಅಲ್ಲ. ಗುರುತು ಸಿಗಬಾರದೆಂದು ಒಂದೇ ಬಗೆಯ ಕೆಲವು ಮಕ್ಕಳ ವಿವರಗಳನ್ನು ಸೇರಿಸಿದೆ. ಒಂಬತ್ತನೇ ತರಗತಿ, ಧಾರವಾಡದ ಕಡೆಯ ಹಳ್ಳಿ. ಎರಡು, ಮೂರನೇ ತರಗತಿಯಲ್ಲಿ ತಂದೆತಾಯಿಯ ಜೊತೆ ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗಿ ಬಂದು ಮಾಡಿದ್ದ. ನಾಲ್ಕನೆಯದು 2020-21ರಲ್ಲಿ, ಶಾಲೆಯೇ ಮುಚ್ಚಿತ್ತು. ಒತ್ತಕ್ಷರ ಗಟ್ಟಿಯಾಗಬೇಕಾದ ವರ್ಷಗಳೇ ಅವು.

ಮೊದಲ ಭೇಟಿಯಲ್ಲಿ ಮೂರನೇ ತರಗತಿ ಮಟ್ಟದ ಅರವತ್ತು ಪದಗಳ ಗದ್ಯ ಕೊಟ್ಟು ಓದಿಸಿದ್ದಾಯಿತು. ಪಾಠಪುಸ್ತಕದಿಂದ ಆರಿಸಬಾರದು, ಬಾಯಿಪಾಠವಾಗಿರುತ್ತದೆ. ಎಷ್ಟು ತಪ್ಪು ಎನ್ನುವುದಕ್ಕಿಂತ ಯಾವ ಜಾತಿಯ ತಪ್ಪು ಎನ್ನುವುದು ಮುಖ್ಯ. ಥ-ಧ, ಘ-ಫದಂಥ ಹತ್ತಿರದ ರೂಪಿನ ಅಕ್ಷರಗಳ ಗೊಂದಲವೇ, ಕೊ-ಕೋ ಥರದ ಹ್ರಸ್ವ ದೀರ್ಘವೇ, ಒತ್ತೇ, ಮೊದಲ ಅಕ್ಷರ ನೋಡಿ ಊಹೆಯೇ? ಬಸುವಿನ ತಪ್ಪುಗಳು ಬಹುತೇಕ ಒಂದೇ ಕಡೆ ಬಿದ್ದಿದ್ದವು. ‘ವಸ್ತು’ ‘ವಸು’ ಆಗಿತ್ತು, ‘ಪತ್ರ’ ‘ಪತ’ ಆಗಿತ್ತು.

ಎರಡನೇ ಭೇಟಿಯಲ್ಲಿ ಹಾಳೆಯ ಮೇಲೆ ದೊಡ್ಡದಾಗಿ ‘ಹುಬ್ಬಳ್ಳಿ’ ಎಂದು ಬರೆದಾಗ ಥಟ್ಟನೆ ಓದಿದ. ಬಸ್ಸಿನ ಬೋರ್ಡು, ಗುರುತಿರಲೇಬೇಕು. ‘ಅಕ್ಕ’, ‘ಹಬ್ಬ’, ‘ಬೆಳ್ಳಿ’ಯೂ ಸರಿಯಾದವು. ‘ಶಕ್ತಿ’ಗೆ ಬಂದಾಗ ‘ಶಕಿ’ ಎಂದ. ಕೆಳಗಿರುವುದನ್ನೂ ಸೇರಿಸು ಎಂದಾಗ ‘ಶಕಿತ’ ಎಂದ. ಹಾಗೊಂದು ಮಾತಿಲ್ಲವೆಂದು ಅವನಿಗೇ ಗೊತ್ತು, ಮುಖ ಕೆಂಪಾಯಿತು. ಅವಸರಪಡಿಸದೆ, ಆ ಪದ ನೋಡಿದಾಗ ಕಣ್ಣು ಏನು ಮಾಡುತ್ತದೆ ಎಂದು ಕೇಳಿದೆ. ತುಸು ಹೊತ್ತಿನ ಮೇಲೆ ಬಂದ ಉತ್ತರ: “ಕೆಳಗಿಂದ್ ನೋಡೂದ್ರೊಳಗ ಮ್ಯಾಲಿಂದ್ ಮರ್ತ್ ಹೋಗ್ತದ್ರಿ. ಅದಕ್ಕ ಒತ್ತು ಬಿಟ್ಟ ಓದತೇನ್ರಿ.”

ಇಷ್ಟು ಖಚಿತವಾದ ರೋಗನಿದಾನವನ್ನು ಯಾವ ಪರೀಕ್ಷೆಯೂ ಕೊಡಲಾರದು. ‘ಶಕ್ತಿ’ಯಲ್ಲಿ ಗುಡಿಸು, ಅಂದರೆ ‘ಇ’ ಸ್ವರದ ಚಿಹ್ನೆ, ಇರುವುದು ಕ-ಕಾರದ ತಲೆಯ ಮೇಲೆ, ಆದರೆ ಅದರ ಉಚ್ಚಾರ ಸಲ್ಲಬೇಕಾದ್ದು ಕೆಳಗಿನ ತ-ಕಾರಕ್ಕೆ. ಕಣ್ಣು ಮೇಲಿನದನ್ನು ಅರ್ಧ ಹಿಡಿದು, ಕೆಳಗಿಳಿದು, ಮತ್ತೆ ಮೇಲೆ ಹೋಗಿ ಗುಡಿಸನ್ನು ತರಬೇಕು. ‘ಹಳ್ಳಿ’ಯಲ್ಲಿ ಎರಡೂ ಅದೇ ಅಕ್ಷರ, ಗುಡಿಸು ಯಾರದಾದರೂ ನಡೆಯುತ್ತದೆ. ಅದಕ್ಕೇ ಸಜಾತೀಯ ಒತ್ತು ಓದುವ ಮಗು ವಿಜಾತೀಯದಲ್ಲಿ ಮುಗ್ಗರಿಸುತ್ತದೆ. ‘ಪ್ರಾಣಿ’ ‘ಪಾರಣಿ’ ಆಗುವುದೂ, ವಿಜ್ಞಾನ ಪುಸ್ತಕದ ‘ದ್ಯುತಿಸಂಶ್ಲೇಷಣೆ’ ‘ದುಯತಿ...’ ಎಂದು ನಿಂತುಬಿಡುವುದೂ ಇದೇ ಕಾರಣಕ್ಕೆ. ಜೊತೆಗೆ ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ಓದು ಬಲ್ಲವರಿಗೆ ಇದೆಲ್ಲ ಕಾಣುವುದಿಲ್ಲ, ಅಭ್ಯಾಸವಾಗಿರುತ್ತದೆ.

ಅವತ್ತು ಮಾಡಿದ್ದು ಇಷ್ಟೇ. ಹಾಳೆ ಮುಚ್ಚಿ, ‘ಶಕ್ತಿ’ಯನ್ನು ಬಾಯಲ್ಲಿ ಎರಡು ತುಂಡು ಮಾಡಿ ಚಪ್ಪಾಳೆ ತಟ್ಟಿಸಿದ್ದು: ಶಕ್, ತಿ. ಆಮೇಲೆ ಎರಡನ್ನೂ ಬಿಡಿಬಿಡಿಯಾಗಿ ಬರೆಸಿ, ಕೆಳಗೆ ‘ಶಕ್ತಿ’ ಬರೆದು, ‘ತಿ’ಯ ಗುಡಿಸು ಈಗೆಲ್ಲಿ ಹೋಯಿತು ಹುಡುಕು ಎಂದದ್ದು. ಬೆರಳಿಟ್ಟು ತೋರಿಸಿದ. ‘ಭಕ್ತಿ’, ‘ಮುಕ್ತಿ’, ‘ಯುಕ್ತಿ’ ತಾನಾಗಿ ಬಂದವು. ‘ಪ್ರೀತಿ’ಗೆ ನಕ್ಕ.

ಶಾಲೆಗೆ ಕೊಟ್ಟ ಸಲಹೆ ಹೀಗಿತ್ತು. ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ, ಶಾಲೆಯ ಅವಧಿಯೊಳಗೇ. ಸಂಜೆ ಆಡು ಮೇಯಿಸುವ ಹುಡುಗನಿಗೆ ಸಂಜೆಯ ತರಗತಿ ಇಟ್ಟರೆ ಎರಡನೇ ವಾರಕ್ಕೆ ನಿಲ್ಲುತ್ತದೆ. ಮೊದಲ ಐದು ನಿಮಿಷ ಒತ್ತಕ್ಷರದ ಕಾರ್ಡು: ಸಜಾತೀಯದಿಂದ ಶುರು, ಆಮೇಲೆ ರೂಪ ಬದಲಿಸುವ ಆರು ಒತ್ತು, ದಿನಕ್ಕೆ ಹೊಸದು ಒಂದೇ, ಹಳೆಯವು ನಾಲ್ಕು. ‘ರಾಷ್ಟ್ರ’, ‘ಶಾಸ್ತ್ರ’ದಂಥ ಎರಡು ಒತ್ತಿನವು ಅದರ ನಂತರ. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ‘ಸೂರ್ಯ’ದಲ್ಲಿ ಯ-ಕಾರದ ನಂತರ ಬರೆದ ರ-ಕಾರದ ಚಿಹ್ನೆಯನ್ನು ಯ-ಕಾರಕ್ಕಿಂತ ಮೊದಲು ಉಚ್ಚರಿಸಬೇಕು. ಮುಂದಿನ ಹತ್ತು ನಿಮಿಷ ನೂರು ಪದಗಳ ಒಂದೇ ಗದ್ಯ, ಮೂರು ಸಲ. ಮೊದಲನೆಯದಕ್ಕೂ ಮೂರನೆಯದಕ್ಕೂ ಎಷ್ಟು ಸೆಕೆಂಡು ಹಿಡಿಯಿತೆಂದು ಅವನೇ ಬರೆದಿಡಬೇಕು. ಉಳಿದದ್ದು ನಾಳೆಯ ಪಾಠದ ಐದು ಕಠಿಣ ಪದ, ಪೆನ್ಸಿಲಿನಿಂದ ಗೆರೆ ಹಾಕಿ ತುಂಡು ಮಾಡುವುದು: ‘ಸಸ್ಯ/ಗಳಲ್ಲಿ/ರುವ’.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಮಗು ತಡವರಿಸಿದ ಕೂಡಲೇ ಶಿಕ್ಷಕರೇ ಪದ ಹೇಳಿಬಿಡುತ್ತಾರೆ. ಮನಸ್ಸಿನಲ್ಲಿ ಐದರವರೆಗೆ ಎಣಿಸುವುದು ಕಷ್ಟ, ಆದರೂ ಎಣಿಸಲೇಬೇಕು. ಎರಡನೆಯದು, ಮೂರನೇ ಓದು ಬಾಯಿಪಾಠವಾಗಿರುತ್ತದೆ. ಕೊನೆಯ ಸಾಲನ್ನು ಬಲದಿಂದ ಎಡಕ್ಕೆ ಪದಪದವಾಗಿ ಓದಿಸಿದರೆ ಗುಟ್ಟು ರಟ್ಟಾಗುತ್ತದೆ.

ಒಬ್ಬ ಶಿಕ್ಷಕರು ಪೋರ್ಷನ್ ಯಾವಾಗ ಮುಗಿಸುವುದೆಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಪುಸ್ತಕ ಓದಲಾಗದವನ ಮುಂದೆ ಮುಗಿಸಿದ ಪೋರ್ಷನ್ ಬೋರ್ಡಿನ ಲೆಕ್ಕಕ್ಕಷ್ಟೇ. ಒಂದನೇ ತರಗತಿಯ ಪುಸ್ತಕದಿಂದ ಶುರು ಮಾಡಿ ಎಂಬ ಮಾತಿಗೂ ನನ್ನ ವಿರೋಧವಿತ್ತು. ಮೀಸೆ ಚಿಗುರುವ ಹುಡುಗನ ಕೈಗೆ ಚಿತ್ರದ ಪುಸ್ತಕ ಕೊಟ್ಟರೆ ಮರುದಿನ ಗೈರು ಖಾತ್ರಿ. ಅಕ್ಷರಮಾಲೆಯ 49ನ್ನೂ ಕಾಗುಣಿತವನ್ನೂ ಅವನು ಬಲ್ಲ, ಗೊತ್ತಿಲ್ಲದ್ದನ್ನಷ್ಟೇ ಕಲಿಸಿದರೆ ಸಾಕು. ತರಗತಿಯಲ್ಲಿ ಏಕಾಏಕಿ ನಿಲ್ಲಿಸಿ ಓದಿಸಬಾರದು. ಓದಿಸಲೇಬೇಕೆಂದಿದ್ದರೆ ಹಿಂದಿನ ದಿನವೇ ನಾಲ್ಕು ಸಾಲು ಗುರುತು ಹಾಕಿ ಕೊಡಿ.

ತಂದೆಯದು ಬೇರೆ ಚಿಂತೆ. “ಸರ್ಟಿಫಿಕೇಟ್ ಮಾಡಿಸಿದ್ರ ಪಾಸ್ ಆಗ್ತಾನ ಅಂತಾರಲ್ರಿ ಮೇಡಂ?” 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ (ಡಿಸ್ಲೆಕ್ಸಿಯಾದಂಥ ತೊಡಕು) ಸೇರಿದೆ, ಹೆಚ್ಚುವರಿ ಸಮಯ, ಬರೆಯುವ ಸಹಾಯಕರಂಥ ರಿಯಾಯಿತಿಗಳೂ ಇವೆ. ಬೇಕಾದ ಮಗುವಿಗೆ ಅದು ಹಕ್ಕು. ಆದರೂ ಮೊದಲೇ ಆ ಸರ್ಟಿಫಿಕೇಟಿಗೆಂದು ಕಳಿಸಲಿಲ್ಲ, ಇದಕ್ಕೆ ಆಕ್ಷೇಪಣೆ ಬಂದಿದೆ. ಕಲಿಸಿಯೇ ಇಲ್ಲದ್ದನ್ನು ಕಲಿಯಲಾರದ ಮಗು ಎಂದು ಹೇಗೆ ತೀರ್ಮಾನಿಸುವುದು? ಮೊದಲು ಕಣ್ಣು, ಕಿವಿ ತಪಾಸಣೆ. ಆಮೇಲೆ ಮೂರು ತಿಂಗಳು ತಪ್ಪದೆ ಈ ಕ್ರಮ. ಆಗಲೂ ನಿನ್ನೆಯ ಕಾರ್ಡು ಇವತ್ತು ಹೊಸದಾಗಿ ಕಂಡರೆ, ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್‌ಗಾಗಲಿ ಬೆಂಗಳೂರಿನ ನಿಮ್ಹಾನ್ಸ್‌ಗಾಗಲಿ ಪತ್ರ ಕೊಡುತ್ತೇನೆ ಎಂದು ಹೇಳಿದ್ದಾಯಿತು. ಓದು ಬಾರದ ತಾಯಿಗೆ ಕೊಟ್ಟ ಕೆಲಸ: ರಾತ್ರಿ ಅವನು ಓದುವುದನ್ನು ಕೇಳಿ, ಕತೆ ಏನೆಂದು ಕೇಳುವುದು. ತಿದ್ದುವುದು ಬೇಡ.

ಹತ್ತು ವಾರದ ನಂತರ ಬಸುವಿನ ಓದು ಇನ್ನೂ ನಿಧಾನ. ಸಮಾಜ ವಿಜ್ಞಾನದ ಅಂಕ ಅಷ್ಟೇನೂ ಏರಿಲ್ಲ. ಒತ್ತು ಬಿಟ್ಟು ಓದುವುದು ನಿಂತಿದೆ, ತಪ್ಪಿದರೆ ತಾನೇ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತಾನೆ. ಕಳೆದ ಭೇಟಿಯಲ್ಲಿ ‘ಕರ್ತವ್ಯ’ ಎಂಬ ಪದ ‘ಕತರವ್ಯ’ ಆಯಿತು. ಅರ್ಕಾವತ್ತಿನ ಕಾರ್ಡುಗಳು ಸೋಮವಾರದಿಂದ.